ಡಯಾಲಿಸಿಸ್ ಮಗುವಿಗೆ ವಿಟಮಿನ್ ಡಬ್ಬಿ ತರುವ ಮುನ್ನ

ಡಯಾಲಿಸಿಸ್ ಶುರುವಾದ ಮಗುವಿನ ಮನೆಯಲ್ಲಿ ಸಲಹೆಗಳಿಗೆ ಬರವಿಲ್ಲ. ನೆಲ್ಲಿಕಾಯಿ ರಸ ಕುಡಿಸಿ, ಆ್ಯಂಟಿಆಕ್ಸಿಡೆಂಟ್ ಪುಡಿ ಕೊಡಿ, ರಕ್ತ ಶುದ್ಧವಾಗುತ್ತದೆ ಎನ್ನುವವರೇ ಎಲ್ಲ. ಹೇಳುವವರ ಕಾಳಜಿ ನಿಜ, ಆದರೆ ಸಲಹೆ ಅಪಾಯದ್ದು.

ದೇಹ ಆಮ್ಲಜನಕ ಬಳಸುವಾಗ ಜೀವಕೋಶಗಳಿಗೆ ಹಾನಿ ಮಾಡಬಲ್ಲ ಚುರುಕಾದ ಕಣಗಳು ಹುಟ್ಟುತ್ತವೆ. ಅವನ್ನು ತಣ್ಣಗಾಗಿಸುವ ಏರ್ಪಾಡೂ ದೇಹದಲ್ಲೇ ಇದೆ. ಕಣಗಳು ಹೆಚ್ಚಾಗಿ ತಡೆಯುವ ಶಕ್ತಿ ಸಾಲದಾದಾಗ ಅದು ಆಕ್ಸಿಡೇಟಿವ್ ಸ್ಟ್ರೆಸ್. ಡಯಾಲಿಸಿಸ್‌ನಲ್ಲಿ ಎರಡೂ ಕಡೆಯಿಂದ ಪೆಟ್ಟು: ಫಿಲ್ಟರಿನ ಪೊರೆ ತಗುಲಿ ಬಿಳಿ ರಕ್ತಕಣಗಳು ಕೆರಳುತ್ತವೆ, ಕಸದ ಜೊತೆಗೆ ವಿಟಮಿನ್ ಸಿಯಂಥ ನೀರಿನಲ್ಲಿ ಕರಗುವ ಪೋಷಕಾಂಶಗಳೂ ಹೊರಟುಹೋಗುತ್ತವೆ. ಹೊಟ್ಟೆಯ ಮೂಲಕ ಮಾಡುವ ಪೆರಿಟೋನಿಯಲ್ ಡಯಾಲಿಸಿಸ್‌ನಲ್ಲೂ ದ್ರಾವಣದ ಗ್ಲೂಕೋಸ್‌ನಿಂದ ತೊಂದರೆ ಇದ್ದೇ ಇದೆ. ವರ್ಷಗಟ್ಟಲೆ ಹೀಗೇ ನಡೆದರೆ ಸವೆಯುವುದು ರಕ್ತನಾಳ ಮತ್ತು ಹೃದಯ. ಈ ಮಕ್ಕಳ ಸಾವಿಗೆ ಮುಖ್ಯ ಕಾರಣಗಳಲ್ಲಿ ಹೃದ್ರೋಗವೂ ಒಂದು.

ಹಾಗಾದರೆ ಮನೆಯವರು ಏನು ಮಾಡಬೇಕು? ಮೊದಲ ಕೆಲಸ, ಮನೆಯಲ್ಲಿರುವ ಎಲ್ಲ ಡಬ್ಬಿ, ಸಿರಪ್, ಕಷಾಯಗಳನ್ನು ಒಂದು ಚೀಲಕ್ಕೆ ಹಾಕಿಕೊಂಡು ಮಕ್ಕಳ ಕಿಡ್ನಿ ತಜ್ಞರ ಮುಂದಿಡುವುದು. ವಿಟಮಿನ್ ಸಿ ಅತಿಯಾದರೆ ಆಕ್ಸಲೇಟ್ ಆಗಿ ಮಾರ್ಪಟ್ಟು ಅಂಗಾಂಗಗಳಲ್ಲಿ ಕೂರುತ್ತದೆ. ಅದನ್ನು ಹೊರಹಾಕಬೇಕಾದ ಕಿಡ್ನಿಯೇ ಸೋತಿದೆಯಲ್ಲ! ಸಾಮಾನ್ಯ ಮಲ್ಟಿವಿಟಮಿನ್‌ನಲ್ಲಿರುವ ವಿಟಮಿನ್ ಎ ಕೂಡ ಹೀಗೆಯೇ ಶೇಖರವಾಗುತ್ತದೆ. ಡಯಾಲಿಸಿಸ್ ರೋಗಿಗಳಿಗೆಂದೇ ಬೇರೆ ವಿಟಮಿನ್ ಮಾತ್ರೆಗಳಿವೆ, ಪ್ರಮಾಣ ವೈದ್ಯರದು. ಆ್ಯಂಟಿಆಕ್ಸಿಡೆಂಟ್ ಮಾತ್ರೆಗಳು ಈ ಮಕ್ಕಳ ಹೃದಯ ಕಾಯುತ್ತವೆ ಎಂಬುದಕ್ಕೆ ಗಟ್ಟಿ ಪುರಾವೆ ಇನ್ನೂ ಇಲ್ಲ.

ಎರಡನೆಯದು ಸೋಂಕಿನ ಮೇಲೆ ಕಣ್ಣು. ಸೋಂಕಿನಿಂದ ಉರಿಯೂತ ಹೆಚ್ಚಿದಷ್ಟೂ ಆ ಚುರುಕಾದ ಕಣಗಳು ಹೆಚ್ಚುತ್ತವೆ. ಡಯಾಲಿಸಿಸ್‌ಗೆಂದು ಕುತ್ತಿಗೆಯಲ್ಲಿ ಕ್ಯಾತಿಟರ್ (ಕೊಳವೆ) ಇದ್ದರೆ ಅದು ಒದ್ದೆಯಾಗಬಾರದು, ಅದರ ಡ್ರೆಸಿಂಗ್ ಅನ್ನು ಮನೆಯಲ್ಲಿ ಬಿಚ್ಚಬಾರದು. ಚಳಿಜ್ವರ ಬಂದರೆ ಕ್ರೋಸಿನ್ ಕೊಟ್ಟು ಬೆಳಗಾಗಲಿ ಎಂದು ಕಾಯದೆ ಆಗಲೇ ಆಸ್ಪತ್ರೆಗೆ ಹೋಗಿ. ಪೆರಿಟೋನಿಯಲ್ ಡಯಾಲಿಸಿಸ್ ಮಾಡುವವರು ಪ್ರತಿ ಸಲವೂ ಸೋಪು ಹಚ್ಚಿ ಕೈ ತೊಳೆಯಬೇಕು. ಹೊರಬಂದ ನೀರು ಮಬ್ಬಾಗಿದ್ದರೆ ಅದೂ ತುರ್ತು. ಹುಳುಕು ಹಲ್ಲನ್ನು ಯಾರೂ ಲೆಕ್ಕಕ್ಕಿಡುವುದಿಲ್ಲ, ಆದರೆ ಅದೂ ಸೋಂಕಿನ ಮೂಲವೇ. ಮನೆಯೊಳಗೆ ಬೀಡಿ, ಸಿಗರೇಟು, ಸೊಳ್ಳೆ ಕಾಯಿಲ್ ಹೊಗೆ ಬೇಡವೇ ಬೇಡ.

ಮೂರನೆಯದು ಊಟ. ಇಲ್ಲೇ ಹೆಚ್ಚು ಗೊಂದಲ. ಹಣ್ಣು, ತರಕಾರಿಯಲ್ಲಿ ಆ್ಯಂಟಿಆಕ್ಸಿಡೆಂಟ್ ಇದೆ, ಜೊತೆಗೆ ಪೊಟ್ಯಾಸಿಯಂ ಕೂಡ ಇದೆ. ಅದು ಏರಿದರೆ ಹೃದಯ ನಿಲ್ಲಬಹುದು. ಹಾಗೆಂದು ಎಲ್ಲವನ್ನೂ ನಿಲ್ಲಿಸುವುದು ತಪ್ಪು. ತರಕಾರಿ ಸಿಪ್ಪೆ ತೆಗೆದು, ಸಣ್ಣಗೆ ಹೆಚ್ಚಿ, ಹೆಚ್ಚು ನೀರಿನಲ್ಲಿ ಕುದಿಸಿ ಆ ನೀರು ಚೆಲ್ಲಿ. ಆಮೇಲೆ ಪಲ್ಯ ಮಾಡಿ. ಸೇಬು, ಅನಾನಸ್ ಹೇಳಿದಷ್ಟು ಕೊಡಬಹುದು. ಎಳನೀರು, ಬಾಳೆಹಣ್ಣು, ಒಣಹಣ್ಣುಗಳನ್ನು ಕೇಳದೆ ಕೊಡಬೇಡಿ. ಮಲೆನಾಡು, ಕರಾವಳಿಯ ಹಿತ್ತಿಲಲ್ಲಿ ಬೆಳೆಯುವ ಧಾರೆಹುಳಿ (ಸ್ಟಾರ್ ಫ್ರೂಟ್) ಅಂತೂ ಮುಟ್ಟಲೇಬಾರದು: ಕಿಡ್ನಿ ಕೆಟ್ಟವರಲ್ಲಿ ಅದು ಬಿಕ್ಕಳಿಕೆ, ಗೊಂದಲ, ಫಿಟ್ಸ್, ಕೆಲವೊಮ್ಮೆ ಸಾವಿಗೂ ಕಾರಣವಾಗಿದೆ. ಅಂಗಡಿಯ ‘ಲೋ ಸೋಡಿಯಂ’ ಉಪ್ಪಿನಲ್ಲಿ ಪೊಟ್ಯಾಸಿಯಂ ಇರುತ್ತದೆ, ಅದೂ ಬೇಡ. ಪ್ರೋಟೀನ್ ಮಾತ್ರ ಕಡಿತ ಮಾಡಬೇಡಿ. ಡಯಾಲಿಸಿಸ್‌ನಲ್ಲಿ ಅದೂ ಸೋರಿಹೋಗುತ್ತದೆ, ಬೆಳೆಯುವ ಮಗುವಿಗೆ ಅದು ಬೇಕೇ ಬೇಕು. ಮೊಟ್ಟೆ ಎಷ್ಟು, ಬೇಳೆ ಎಷ್ಟು ಎಂಬುದನ್ನು ತೂಕ ನೋಡಿ ಆಹಾರ ತಜ್ಞರು ಹೇಳಲಿ.

ನಾಲ್ಕನೆಯದು, ಹಬ್ಬ, ಮದುವೆ ಅಂತ ಡಯಾಲಿಸಿಸ್ ಸರದಿ ತಪ್ಪಿಸಬೇಡಿ, ಅರ್ಧಕ್ಕೆ ಎಬ್ಬಿಸಿಕೊಂಡೂ ಬರಬೇಡಿ. ಕಬ್ಬಿಣದ ಇಂಜೆಕ್ಷನ್ ಕೊಡುವಾಗ ದೇಹದಲ್ಲಿ ಕೂಡಿಟ್ಟ ಕಬ್ಬಿಣವನ್ನು ತೋರಿಸುವ ಫೆರಿಟಿನ್ ಪರೀಕ್ಷೆಯಲ್ಲಿ ಎಷ್ಟು ಬಂದಿದೆ ಎಂದು ಕೇಳಿ. ಕಬ್ಬಿಣ ಅಗತ್ಯ ನಿಜ, ಆದರೆ ಅತಿಯಾದರೆ ಆ ಚುರುಕಾದ ಕಣಗಳಿಗೆ ಅದೇ ಇಂಧನ.

ಯಾವ ಡಯಾಲಿಸಿಸ್ಸೂ ಕೊನೆಯ ಉತ್ತರವಲ್ಲ. ಹೊಸ ಕಿಡ್ನಿ ಕೂತ ಮೇಲೆ ಈ ಆಕ್ಸಿಡೇಟಿವ್ ಸ್ಟ್ರೆಸ್ ಗಣನೀಯವಾಗಿ ಇಳಿಯುತ್ತದೆ. ಮನೆಯವರಲ್ಲಿ ಹೊಂದುವ ದಾನಿ ಸಿಗದಿದ್ದರೆ, ಕಸಿ ಮಾಡುವ ಆಸ್ಪತ್ರೆಯ ಮೂಲಕ ರಾಜ್ಯದ ಅಂಗಾಂಗ ದಾನ ಸಂಸ್ಥೆ ‘ಜೀವಸಾರ್ಥಕತೆ’ಯ ಪಟ್ಟಿಯಲ್ಲಿ ಮಗುವಿನ ಹೆಸರು ಸೇರಿಸಲು ತಡ ಮಾಡಬೇಡಿ.