ಡುಶೆನ್ ಸ್ನಾಯುಕ್ಷಯ: ಆರೈಕೆಯ ಕ್ರಮ ಮತ್ತು ಕುಟುಂಬದ ಹೊಣೆ

ನಾಲ್ಕು ವರ್ಷದ ಗಂಡುಮಗು ಪದೇ ಪದೇ ಎಡವಿ ಬೀಳುವುದು, ಮೆಟ್ಟಿಲು ಹತ್ತಲು ಕಂಬಿಯನ್ನು ಆಶ್ರಯಿಸುವುದು, ನೆಲದಿಂದ ಏಳುವಾಗ ಮೊಣಕಾಲು ಮತ್ತು ತೊಡೆಗಳ ಮೇಲೆ ಕೈಯೂರಿ ತನ್ನ ದೇಹವನ್ನೇ ಏಣಿಯಂತೆ ಹತ್ತಿ ನಿಲ್ಲುವುದು – ಇವು ಅಲಕ್ಷಿಸತಕ್ಕ ಸಂಗತಿಗಳಲ್ಲ. ಮೀನಖಂಡಗಳು ದಪ್ಪನಾಗಿ ಕಾಣುವುದರಿಂದ ಹುಡುಗ ಗಟ್ಟಿಮುಟ್ಟಾಗಿದ್ದಾನೆಂದು ಹಿರಿಯರು ಸಮಾಧಾನಪಡುವುದೂ ಉಂಟು. ವಾಸ್ತವವಾಗಿ ಇವೆಲ್ಲ ಡುಶೆನ್ ಸ್ನಾಯುಕ್ಷಯದ ಮೊದಲ ಸೂಚನೆಗಳಾಗಿರಬಹುದು. ಈ ರೋಗವನ್ನು ಬೇರುಸಹಿತ ನಿವಾರಿಸುವ ಔಷಧ ಇಂದಿಗೂ ದೊರೆತಿಲ್ಲ. ಆದರೆ ಗುಣಪಡಿಸಲಾಗದ ರೋಗಕ್ಕೆ ಚಿಕಿತ್ಸೆಯೇ ಇಲ್ಲವೆಂದು ಭಾವಿಸುವುದು ದೊಡ್ಡ ತಪ್ಪು. ಕಾಲಕಾಲಕ್ಕೆ ತಪ್ಪದೆ ನಡೆಸುವ ಆರೈಕೆಯಿಂದ ರೋಗಿಯ ಆಯುಷ್ಯಕ್ಕೆ ವರ್ಷಗಳು ಕೂಡುತ್ತವೆ.

ರೋಗದ ಮೂಲ

19ನೆಯ ಶತಮಾನದಲ್ಲಿ ಈ ರೋಗವನ್ನು ಸವಿಸ್ತಾರವಾಗಿ ವರ್ಣಿಸಿದ ಫ್ರಾನ್ಸಿನ ವೈದ್ಯ ಡುಶೆನ್ ಅವರ ಹೆಸರೇ ಇದಕ್ಕೆ ನಿಂತಿದೆ. ಇದರ ಕಾರಣ ತಿಳಿದದ್ದು ಬಹಳ ತಡವಾಗಿ. 1986ರಲ್ಲಿ ಸಂಬಂಧಪಟ್ಟ ಜೀನ್ ಪತ್ತೆಯಾಯಿತು. ಮರುವರ್ಷ ಆ ಜೀನ್ ತಯಾರಿಸುವ ‘ಡಿಸ್ಟ್ರೋಫಿನ್’ ಎಂಬ ಪ್ರೋಟೀನನ್ನು ಗುರುತಿಸಲಾಯಿತು. ಸ್ನಾಯುಕೋಶದ ಹೊದಿಕೆಯನ್ನು ಕಾಪಾಡುವುದು ಈ ಪ್ರೋಟೀನಿನ ಕೆಲಸ. ಅದಿಲ್ಲದಿದ್ದರೆ ಸ್ನಾಯು ಪ್ರತಿ ಚಲನೆಯಲ್ಲಿಯೂ ಹಾನಿಗೊಂಡು, ಕ್ರಮೇಣ ಅದರ ಜಾಗದಲ್ಲಿ ಕೊಬ್ಬು ಮತ್ತು ನಾರಿನಂಥ ಅಂಗಾಂಶ ಸೇರಿಕೊಳ್ಳುತ್ತದೆ.

ಈ ಜೀನ್ ಎಕ್ಸ್ ವರ್ಣತಂತುವಿನಲ್ಲಿದೆ. ಗಂಡುಮಕ್ಕಳಿಗೆ ಎಕ್ಸ್ ಒಂದೇ ಇರುವುದರಿಂದ ರೋಗ ಬಹುತೇಕ ಅವರನ್ನೇ ಬಾಧಿಸುತ್ತದೆ. ಹುಟ್ಟುವ 3,500ರಿಂದ 5,000 ಗಂಡುಮಕ್ಕಳಲ್ಲಿ ಒಬ್ಬನಿಗೆ ಇದು ಬರುತ್ತದೆಂದು ಅಂದಾಜು. ಸುಮಾರು ಮೂರನೆಯ ಒಂದು ಭಾಗದ ಪ್ರಕರಣಗಳಲ್ಲಿ ದೋಷವು ತಾಯಿಯಿಂದ ಬಾರದೆ ಮಗುವಿನಲ್ಲಿಯೇ ಹೊಸದಾಗಿ ಉಂಟಾಗಿರುತ್ತದೆ. ತಾಯಿಯಿಂದ ಬಂದರೂ ಅದು ಅವಳ ಅಪರಾಧವಲ್ಲ. ತಾಯಿ ಮತ್ತು ಅಕ್ಕತಂಗಿಯರು ಜೀನ್ ಪರೀಕ್ಷೆ ಮಾಡಿಸಿಕೊಂಡು ತಳಿಶಾಸ್ತ್ರಜ್ಞರ ಸಲಹೆ ಪಡೆಯುವುದು ಯುಕ್ತ; ದೋಷವನ್ನು ಹೊತ್ತ ಸ್ತ್ರೀಯರು ತಮ್ಮ ಹೃದಯದ ಪರೀಕ್ಷೆಯನ್ನೂ ಮಾಡಿಸಿಕೊಳ್ಳಬೇಕು.

ಪತ್ತೆಯಲ್ಲಿ ವಿಳಂಬ ಸಲ್ಲದು

ರಕ್ತದಲ್ಲಿ ಕ್ರಿಯೇಟಿನ್ ಕೈನೇಸ್ ಪ್ರಮಾಣವನ್ನು ಅಳೆಯುವ ಸುಲಭ ಪರೀಕ್ಷೆಯೇ ಮೊದಲ ಹೆಜ್ಜೆ. ಈ ರೋಗದಲ್ಲಿ ಅದು ಸಾಮಾನ್ಯಕ್ಕಿಂತ ಅನೇಕ ಪಟ್ಟು ಏರಿರುತ್ತದೆ. ಇಲ್ಲೊಂದು ಎಚ್ಚರಿಕೆ ಅಗತ್ಯ. ಎಸ್.ಜಿ.ಓ.ಟಿ., ಎಸ್.ಜಿ.ಪಿ.ಟಿ. ಎಂಬ ಕಿಣ್ವಗಳು ಸ್ನಾಯುವಿನಿಂದಲೂ ಹೊರಬರುವುದರಿಂದ, ಅವುಗಳ ಏರಿಕೆಯನ್ನು ಕಂಡು ಯಕೃತ್ತಿನ ರೋಗವೆಂದೇ ತಿಳಿದು ತಿಂಗಳುಗಟ್ಟಲೆ ಕಾಲಹರಣವಾಗುವುದುಂಟು. ಕೊನೆಯ ನಿರ್ಣಯ ಜೀನ್ ಪರೀಕ್ಷೆಯಿಂದ. ಯಾವ ಹುಡುಗನಿಗೆ ಯಾವ ಹೊಸ ಔಷಧ ಹೊಂದೀತೆಂಬುದೂ ಆ ವರದಿಯನ್ನೇ ಅವಲಂಬಿಸುತ್ತದೆ.

ಔಷಧ

ಪ್ರೆಡ್ನಿಸೊಲೋನ್ ಅಥವಾ ಡೆಫ್ಲಜಕಾರ್ಟ್ ಎಂಬ ಸ್ಟೆರಾಯ್ಡ್ ಗುಳಿಗೆಗಳು ಇಂದಿನ ಚಿಕಿತ್ಸೆಯ ತಳಹದಿ. ಇವು ನಡೆಯುವ ಶಕ್ತಿಯನ್ನು ಹೆಚ್ಚು ಕಾಲ ಉಳಿಸುತ್ತವೆ. ಬೆನ್ನುಮೂಳೆ ಬಾಗುವುದನ್ನೂ ಉಸಿರಾಟದ ದೌರ್ಬಲ್ಯವನ್ನೂ ಮುಂದೂಡುತ್ತವೆ. ತೂಕದ ಏರಿಕೆ, ಮೂಳೆಗಳ ದುರ್ಬಲತೆ, ಕಣ್ಣಿನ ಪೊರೆ, ಬೆಳವಣಿಗೆಯ ಕುಂಠನ ಮುಂತಾದ ಅಡ್ಡಪರಿಣಾಮಗಳೂ ಇವೆ. ಆದ್ದರಿಂದ ತೂಕ, ರಕ್ತದೊತ್ತಡ, ಸಕ್ಕರೆ, ಕಣ್ಣು ಹಾಗೂ ಮೂಳೆಗಳ ಪರೀಕ್ಷೆ ನಿಯತವಾಗಿ ನಡೆಯಬೇಕು. ಅನ್ನ ಮತ್ತು ಸಿಹಿಯನ್ನು ಮಿತಗೊಳಿಸಿ, ಸುಣ್ಣದ ಅಂಶವುಳ್ಳ ರಾಗಿ, ಹಾಲು, ಮೊಸರನ್ನು ಹದವರಿತು ಕೊಡುವುದು ಹಿತಕರ. ಮುಖ್ಯವಾದ ಮಾತೆಂದರೆ, ಸ್ಟೆರಾಯ್ಡನ್ನು ಒಮ್ಮೆಲೇ ನಿಲ್ಲಿಸಕೂಡದು, ಅದರಿಂದ ಪ್ರಾಣಾಪಾಯವಾಗಬಹುದು. ವಾಂತಿಯಾಗಿ ಗುಳಿಗೆ ಹೊಟ್ಟೆಯಲ್ಲಿ ನಿಲ್ಲದಿದ್ದರೆ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು.

ಹೃದಯ ಮತ್ತು ಉಸಿರಾಟ

ಕೈಕಾಲುಗಳ ದೌರ್ಬಲ್ಯ ಕಣ್ಣಿಗೆ ಕಾಣುತ್ತದೆ. ಹೃದಯದ ದೌರ್ಬಲ್ಯ ಕಾಣುವುದಿಲ್ಲ. ಹೆಚ್ಚು ಓಡಾಡಲಾರದ ಹುಡುಗನಿಗೆ ಏದುಸಿರಿನ ಅನುಭವವೇ ಆಗದಿರಬಹುದು. ಆದಕಾರಣ ರೋಗ ಪತ್ತೆಯಾದಂದಿನಿಂದ ಪ್ರತಿವರ್ಷ ಹೃದಯದ ಪರೀಕ್ಷೆ ನಡೆಯಬೇಕು. ಹತ್ತು ವರ್ಷದ ವೇಳೆಗೆ, ತೊಂದರೆ ಕಾಣಿಸಿಕೊಳ್ಳದಿದ್ದರೂ, ಹೃದಯವನ್ನು ರಕ್ಷಿಸುವ ಔಷಧವನ್ನು ವೈದ್ಯರು ಆರಂಭಿಸುತ್ತಾರೆ.

ಐದಾರು ವರ್ಷದಿಂದ ಶ್ವಾಸಕೋಶದ ಸಾಮರ್ಥ್ಯವನ್ನು ವರ್ಷಕ್ಕೊಮ್ಮೆ, ನಡಿಗೆ ನಿಂತ ಮೇಲೆ ಆರು ತಿಂಗಳಿಗೊಮ್ಮೆ ಅಳೆಯಬೇಕು. ಬೆಳಗಿನ ತಲೆನೋವು, ರಾತ್ರಿ ಪದೇ ಪದೇ ಎಚ್ಚರವಾಗುವುದು, ಹಗಲಿನ ತೂಕಡಿಕೆ – ಇವು ನಿದ್ರೆಯಲ್ಲಿ ಉಸಿರಾಟ ಸಾಲದಾಗಿರುವುದರ ಕುರುಹುಗಳು. ಆಗ ಮುಖವಾಡದ ಮೂಲಕ ಉಸಿರಾಟಕ್ಕೆ ನೆರವಾಗುವ ಯಂತ್ರ ಬೇಕಾಗುತ್ತದೆ. ಯಂತ್ರದ ನೆರವಿಲ್ಲದೆ ಆಮ್ಲಜನಕವೊಂದನ್ನೇ ಕೊಡುವುದರಿಂದ ಇಂಥವರಿಗೆ ಕೇಡಾಗಬಹುದು. ಹಿಂದೆ ಹದಿಹರೆಯ ಕಳೆಯುವಷ್ಟರಲ್ಲಿ ತೀರಿಕೊಳ್ಳುತ್ತಿದ್ದ ರೋಗಿಗಳಲ್ಲಿ ಇಂದು ಅನೇಕರು ಮೂವತ್ತನ್ನು ದಾಟುತ್ತಿರುವುದಕ್ಕೆ ಹೃದಯ ಮತ್ತು ಉಸಿರಾಟದ ಈ ಆರೈಕೆಯೇ ಬಹುಮಟ್ಟಿಗೆ ಕಾರಣ.

ಓಖ್ಲಾದ ಮನೆಯಲ್ಲಿ

ಓಖ್ಲಾದಲ್ಲಿ ನೆಲೆಸಿದ ಕನ್ನಡ ಕುಟುಂಬವೊಂದರಲ್ಲಿ ಇಂಥ ಹುಡುಗನಿದ್ದಾನೆಂದು ಉದಾಹರಣೆಗೆ ಭಾವಿಸೋಣ. ಮೊದಲ ನಿರ್ಧಾರ ಮನೆಯದು: ಲಿಫ್ಟ್ ಇಲ್ಲದ ಮೂರನೆಯ ಮಹಡಿಗಿಂತ ನೆಲಮಹಡಿ ಲೇಸು. ನಿತ್ಯವೂ ಹಿಮ್ಮಡಿ, ಮೊಣಕಾಲು, ಸೊಂಟದ ಕೀಲುಗಳನ್ನು ಮೆಲ್ಲನೆ ಎಳೆದು ಸಡಿಲಿಸುವ ವ್ಯಾಯಾಮವನ್ನು ಫಿಸಿಯೋಥೆರಪಿ ತಜ್ಞರಿಂದ ಮನೆಯವರು ಕಲಿಯಬೇಕು. ಶಕ್ತಿ ಬರಲೆಂದು ಮೆಟ್ಟಿಲು ಹತ್ತಿಸುವುದು, ಭಾರ ಎತ್ತಿಸುವುದು ಹಾನಿಕರ. ಚಳಿಗಾಲದಲ್ಲಿ ದೆಹಲಿಯ ಮಂಜು-ಹೊಗೆಯ ದಿನಗಳು ಎದೆಯ ಸೋಂಕಿಗೆ ಅನುಕೂಲ. ಅದಕ್ಕೆ ಮುಂಚೆಯೇ ಫ್ಲೂ ಲಸಿಕೆ ಹಾಕಿಸತಕ್ಕದ್ದು.

ಅಖಿಲ ಭಾರತ ವೈದ್ಯವಿಜ್ಞಾನ ಸಂಸ್ಥೆ ಓಖ್ಲಾದಿಂದ ದೂರವಿಲ್ಲ. ಓಖ್ಲಾ ಎನ್.ಎಸ್.ಐ.ಸಿ. ನಿಲ್ದಾಣದಿಂದ ಮೆಟ್ರೋದಲ್ಲಿ ಹೌಜ್ ಖಾಸ್ ತಲುಪಿ, ಅಲ್ಲಿ ಗಾಡಿ ಬದಲಿಸಿದರೆ ಎರಡನೆಯ ನಿಲ್ದಾಣವೇ ಏಮ್ಸ್. ಗಾಲಿಕುರ್ಚಿಗೆ ಲಿಫ್ಟ್ ವ್ಯವಸ್ಥೆಯೂ ಇದೆ. ಕಾರ್ಖಾನೆಗಳಲ್ಲಿ ದುಡಿಯುವ ವಿಮಾದಾರರ ಕುಟುಂಬಕ್ಕೆ ಓಖ್ಲಾದಲ್ಲಿಯೇ ಇ.ಎಸ್.ಐ. ಆಸ್ಪತ್ರೆಯುಂಟು.

ಹಣದ ವಿಚಾರ

ಈ ರೋಗದಲ್ಲಿ ಕುಟುಂಬವನ್ನು ಸಾಲಕ್ಕೆ ತಳ್ಳುವುದು ನಿತ್ಯದ ಗುಳಿಗೆಗಳಿಗಿಂತ ಹೆಚ್ಚಾಗಿ ಪವಾಡದ ಭರವಸೆಗಳು. ಸ್ಟೆಮ್ ಸೆಲ್ ಚಿಕಿತ್ಸೆಯಿಂದ ಗುಣಪಡಿಸುತ್ತೇವೆಂಬ ಜಾಹೀರಾತುಗಳಿಗೆ ಮರುಳಾಗಬಾರದು. ರಕ್ತಸಂಬಂಧಿ ರೋಗಗಳಂಥ ಅಂಗೀಕೃತ ಸಂದರ್ಭಗಳನ್ನು ಬಿಟ್ಟರೆ, ಅನುಮೋದಿತ ಪ್ರಯೋಗದ ಹೊರಗೆ ಅದನ್ನು ಚಿಕಿತ್ಸೆಯಾಗಿ ಮಾರುವುದು ಅನೈತಿಕವೆಂದು 2017ರ ರಾಷ್ಟ್ರೀಯ ಮಾರ್ಗಸೂಚಿ ಸಾರಿದೆ. ಅಮೆರಿಕದಲ್ಲಿ 2023ರಲ್ಲಿ ಜೀನ್ ಚಿಕಿತ್ಸೆಯೊಂದಕ್ಕೆ ಅನುಮತಿ ದೊರೆಯಿತಾದರೂ, ಅದನ್ನು ಪಡೆದ ಇಬ್ಬರು ಡುಶೆನ್ ರೋಗಿಗಳು ಯಕೃತ್ತಿನ ವೈಫಲ್ಯದಿಂದ ಮೃತಪಟ್ಟ ಸುದ್ದಿ 2025ರಲ್ಲಿ ಬಂದಿತು. ದುಬಾರಿಯಾದುದೆಲ್ಲ ನಿರಪಾಯಕಾರಿಯಲ್ಲ.

ನ್ಯಾಯವಾಗಿ ದೊರೆಯುವ ನೆರವನ್ನು ಬಿಡಬಾರದು. 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯಲ್ಲಿ ಸ್ನಾಯುಕ್ಷಯವೂ ಸೇರಿದೆ, ಯು.ಡಿ.ಐ.ಡಿ. ಚೀಟಿಯನ್ನು ಮೊದಲೇ ಮಾಡಿಸಿಡಬೇಕು. ಅವಲಂಬಿತ ಅಂಗವಿಕಲರ ಪೋಷಣೆಗೆ ಹಳೆಯ ತೆರಿಗೆ ಪದ್ಧತಿಯಲ್ಲಿ 75,000 ರೂಪಾಯಿ, ವಿಕಲತೆ ಶೇಕಡ 80 ಅಥವಾ ಹೆಚ್ಚಿದ್ದರೆ 1,25,000 ರೂಪಾಯಿ ಆದಾಯದಿಂದ ಕಳೆಯಬಹುದು. ಜೊತೆಗಾರರಿಲ್ಲದೆ ಪ್ರಯಾಣಿಸಲಾಗದವರಿಗೆ ರೈಲು ದರದಲ್ಲಿ ರಿಯಾಯಿತಿಯುಂಟು. ಊರಿಗೆ ಹೋಗಿಬರುವವರಿಗೆ ಇದು ಸಣ್ಣ ಉಳಿತಾಯವಲ್ಲ. 2021ರ ವಿರಳ ರೋಗಗಳ ರಾಷ್ಟ್ರೀಯ ನೀತಿಯಲ್ಲಿ ಈ ರೋಗ ಸೇರಿದ್ದು, 2022ರಲ್ಲಿ ನೆರವಿನ ಮಿತಿಯನ್ನು 50 ಲಕ್ಷ ರೂಪಾಯಿಗೆ ಏರಿಸಲಾಯಿತು. ಆ ಹಣ ನೇರವಾಗಿ ಕುಟುಂಬಕ್ಕೆ ಬಾರದೆ ಗೊತ್ತುಪಡಿಸಿದ ಕೇಂದ್ರಗಳ ಮೂಲಕವೇ ವಿನಿಯೋಗವಾಗುವುದರಿಂದ ಅಲ್ಲಿ ನೋಂದಾಯಿಸುವುದು ಅವಶ್ಯ. ದೆಹಲಿಯಲ್ಲಿ ಏಮ್ಸ್ ಮತ್ತು ಮೌಲಾನಾ ಆಜಾದ್ ವೈದ್ಯಕೀಯ ಕಾಲೇಜು ಅಂಥ ಕೇಂದ್ರಗಳು.

ಒಂದು ಕಡತ

ವರ್ಗಾವಣೆಯ ನೌಕರಿಯಲ್ಲಿರುವ ಕುಟುಂಬಕ್ಕೆ ವೈದ್ಯರು ಬದಲಾಗುತ್ತಾರೆ; ಕಡತ ಬದಲಾಗಬಾರದು. ಜೀನ್ ವರದಿ, ವರ್ಷವರ್ಷದ ಹೃದಯ ಮತ್ತು ಶ್ವಾಸಕೋಶದ ಅಳತೆಗಳು, ಲಸಿಕೆಗಳ ವಿವರ, ಔಷಧ ಮತ್ತು ತೂಕದ ಲೆಕ್ಕ, ಮುಂದಿನ ಪರೀಕ್ಷೆಯ ದಿನಾಂಕ – ಇವೆಲ್ಲ ಒಂದೇ ಕಡೆ ಇರತಕ್ಕದ್ದು. ಕಡತದ ಮೊದಲ ಪುಟದಲ್ಲಿ ಎರಡು ಸೂಚನೆಗಳನ್ನು ದೊಡ್ಡ ಅಕ್ಷರಗಳಲ್ಲಿ ಬರೆದಿಡಬೇಕು. ಒಂದು, ರೋಗಿ ಸ್ಟೆರಾಯ್ಡ್ ಸೇವಿಸುತ್ತಿದ್ದಾನೆ, ಅದನ್ನು ನಿಲ್ಲಿಸಬಾರದು. ಎರಡು, ಶಸ್ತ್ರಚಿಕಿತ್ಸೆಯಲ್ಲಿ ಸಕ್ಸಿನೈಲ್‌ಕೋಲಿನ್ ಮತ್ತು ಮೂಗಿನ ಮೂಲಕ ಕೊಡುವ ಅರಿವಳಿಕೆ ಅನಿಲಗಳು ಅಪಾಯಕಾರಿ. ನಡುರಾತ್ರಿ ಅಪರಿಚಿತ ಆಸ್ಪತ್ರೆಯಲ್ಲಿ ಈ ಒಂದು ಪುಟವೇ ಜೀವ ಉಳಿಸಬಲ್ಲುದು.

ಹುಡುಗ ಹದಿಹರೆಯಕ್ಕೆ ಬಂದಾಗ ಆ ಕಡತವನ್ನು ಓದಿ ತಿಳಿಯುವ ಅವಕಾಶ ಅವನಿಗಿರಬೇಕು. ಗಾಲಿಕುರ್ಚಿಯಲ್ಲಿ ಕುಳಿತವನನ್ನು ಬಿಟ್ಟು ಅವನ ತಂದೆಯೊಡನೆಯೇ ಎಲ್ಲ ಮಾತು ನಡೆಯುವುದು ಸರಿಯಲ್ಲ. ಶಾಲೆ, ಸ್ನೇಹಿತರು, ಉದ್ಯೋಗದ ಆಸೆ ಅವನಿಗೂ ಉಂಟು. ಅವನ ಚಿಕಿತ್ಸೆಯನ್ನು ಕುರಿತ ನಿರ್ಣಯಗಳಲ್ಲಿ ಅವನ ಮಾತಿಗೂ ಬೆಲೆಯಿರಬೇಕು.