ಕಲಿಸುವ ಮೊದಲೇ ದಣಿಸಿದ ಪಾಠ: ಕರಾಟೆ ಅವಧಿಯ ಒಂದು ಅನುಭವ

ಬೋಧನಾಭ್ಯಾಸದಲ್ಲಿ ಎಂಟನೇ ತರಗತಿಯ ವಿಜ್ಞಾನದ ಜೊತೆಗೆ ವಾರಕ್ಕೊಂದು ಆಟದ ಅವಧಿಯೂ ನನ್ನ ಪಾಲಿಗೆ ಬಂದಿತ್ತು. ಕರಾಟೆ ಕಲಿತಿದ್ದರಿಂದ ಅದನ್ನೇ ಆರಿಸಿಕೊಂಡೆ.

ಮೊದಲ ಪಾಠ

'ಮೈ ಬೆಚ್ಚಗಾಗಲಿ' ಎಂದು 20 ದಂಡ, 50 ಬಸ್ಕಿ ಹೊಡೆಸಿದೆ. ನಾನು ಕಲಿತದ್ದೂ ಹಾಗೆಯೇ. ನಂತರ ಮುಂದಕ್ಕೆ ಒದೆಯುವ 'ಮಾಯೆ-ಗೆರಿ' ಆರಂಭಿಸಿದೆ. ಮಕ್ಕಳ ಕಾಲು ನಡುಗುತ್ತಿದ್ದವು. ಒಬ್ಬ ಹುಡುಗಿ ತೊಡೆಯ ಹಿಂಭಾಗ ಹಿಡಿದು ಕುಳಿತಳು. "ಕಾಲು ಎತ್ತೋಕೇ ಆಗ್ತಿಲ್ಲ ಮಿಸ್" ಎಂದಳು. ಮಂಜುಗಡ್ಡೆ ಇಟ್ಟು, ಒಂದು ವಾರ ಒದೆತ ಬೇಡವೆಂದೆ. ಮಾರ್ಗದರ್ಶಕ ಶಿಕ್ಷಕರು ಅವಲೋಕನ ಪುಸ್ತಕದಲ್ಲಿ ಒಂದೇ ಸಾಲು ಬರೆದರು: "ಕಲಿಸುವ ಮೊದಲೇ ದಣಿಸಿದಿರಿ."

ಎಲ್ಲಿ ತಪ್ಪಿದೆ?

ಒಕಿನಾವಾದ ಗೋಜು-ರ್ಯು ಶೈಲಿಯ ಸ್ಥಾಪಕ ಮಿಯಾಗಿ ಚೋಜುನ್ (1888–1953). ಆ ಪರಂಪರೆಯಲ್ಲಿ ಎರಡು ಬಗೆಯ ವ್ಯಾಯಾಮಗಳಿಗೆ ಎರಡು ಹೆಸರುಗಳಿವೆ. 'ಜುನ್‌ಬಿ ಉಂಡೋ' ಎಂದರೆ ಸಿದ್ಧತೆಯ ವ್ಯಾಯಾಮ. ಕಾಲ್ಬೆರಳಿನಿಂದ ಶುರುವಾಗಿ ಹರಡು, ಮಂಡಿ, ಸೊಂಟ, ಭುಜ, ಕುತ್ತಿಗೆಯತ್ತ ಏರುತ್ತದೆ. 'ಹೋಜೋ ಉಂಡೋ' ಎಂದರೆ ಪೂರಕ ವ್ಯಾಯಾಮ. ಕಲ್ಲಿಗೆ ಮರದ ಹಿಡಿ ಸಿಕ್ಕಿಸಿದ 'ಚಿ-ಇಶಿ' ತಿರುಗಿಸುವುದು, 'ನಿಗಿರಿ-ಗಾಮೆ' ಎಂಬ ಜಾಡಿಗಳ ಅಂಚನ್ನು ಬೆರಳುಗಳಿಂದ ಹಿಡಿದು ನಡೆಯುವುದು ಇದಕ್ಕೆ ಸೇರುತ್ತವೆ. ಮೊದಲನೆಯದು ದೇಹವನ್ನು ಅಣಿಗೊಳಿಸುತ್ತದೆ, ಎರಡನೆಯದು ಬಲ ಕೂಡಿಸುತ್ತದೆ. ನಾನು ಎರಡನೆಯದನ್ನು ಮೊದಲನೆಯದರ ಜಾಗದಲ್ಲಿ ಇಟ್ಟಿದ್ದೆ.

ಮಕ್ಕಳಿಗಾಗಿ ಹಗುರಗೊಳಿಸಿದರೆ ಪರಂಪರೆ ಕೆಡುತ್ತದೆಂಬ ಅಳುಕೂ ಇತ್ತು. ಆದರೆ ಇಪ್ಪತ್ತನೇ ಶತಮಾನದ ಆರಂಭದಲ್ಲಿ ಒಕಿನಾವಾದ ಶಾಲೆಗಳಿಗೆ ಕರಾಟೆಯನ್ನು ತಂದ ಇತೊಸು ಆಂಕೋ ಅವರೇ ವಿದ್ಯಾರ್ಥಿಗಳಿಗೆಂದು 'ಪಿನಾನ್' ಕಟಾಗಳನ್ನು ರೂಪಿಸಿದ್ದರು.

ಎರಡನೇ ಪಾಠದ ಯೋಜನೆ (40 ನಿಮಿಷ)

1. ನಾಡಿ ಎಣಿಕೆ (15 ಸೆಕೆಂಡಿನ ಎಣಿಕೆ × 4), ನಿಂತಲ್ಲೇ ನಿಧಾನ ಓಟ: 3 ನಿಮಿಷ
2. ಕಾಲ್ಬೆರಳಿನಿಂದ ಕುತ್ತಿಗೆಯವರೆಗೆ ಕೀಲುಗಳ ಚಲನೆ: 5 ನಿಮಿಷ
3. ಮಂಡಿ ಎತ್ತುವುದು, ಸೊಂಟದ ಕೆಳಗೆ ನಿಧಾನ ಒದೆತ, ಮತ್ತೆ ನಾಡಿ ಎಣಿಕೆ: 3 ನಿಮಿಷ
4. ಮಾಯೆ-ಗೆರಿ ಕಲಿಕೆ: 17 ನಿಮಿಷ
5. ಬಲವರ್ಧನೆ (10 ಬಸ್ಕಿ, ಆದಷ್ಟು ದಂಡ): 6 ನಿಮಿಷ
6. ನಿಧಾನ ನಡಿಗೆ, 20–30 ಸೆಕೆಂಡು ಹಿಡಿಯುವ ಚಾಚುವಿಕೆ: 6 ನಿಮಿಷ

ನಾಡಿಬಡಿತ ಏರಿದ್ದನ್ನು ಮಕ್ಕಳು ತಾವೇ ಕಂಡರು. ಕಾರಣ ಕೇಳಿದಾಗ ವಿಜ್ಞಾನಕ್ಕೆ ದಾರಿಯಾಯಿತು. ಸ್ನಾಯು ಬಿಸಿಯಾದಾಗ ಹಿಮೋಗ್ಲೋಬಿನ್ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುತ್ತದೆ, ನರಸಂದೇಶ ಬೇಗ ಸಾಗುತ್ತದೆ, ಕೀಲುಗಳೊಳಗಿನ ದ್ರವದ ಸ್ನಿಗ್ಧತೆ ಇಳಿಯುತ್ತದೆ. "ಚಳಿಗೆ ಕೊಬ್ಬರಿ ಎಣ್ಣೆ ಗಟ್ಟಿಯಾಗುತ್ತಲ್ಲ, ಹಾಗಾ ಮಿಸ್?" ಎಂದು ಒಬ್ಬ ಕೇಳಿದ. ಅರ್ಧ ಸರಿ ಎಂದೆ. ಎಣ್ಣೆ ಘನವಾಗುತ್ತದೆ, ಕೀಲಿನ ದ್ರವ ದ್ರವವಾಗಿಯೇ ಉಳಿದು ಮಂದವಾಗುತ್ತದೆ ಅಷ್ಟೇ.

ಅವಲೋಕನ

ಈ ಬಾರಿ ಹೆಚ್ಚಿನವರು ಒದೆತದ ಕೊನೆಯಲ್ಲಿ ಸಮತೋಲ ಉಳಿಸಿಕೊಂಡರು. ಹಿಂದಿನ ಬಾರಿ ನೋವಾಗಿದ್ದ ಹುಡುಗಿ ಬದಿಯಲ್ಲಿ ಕುಳಿತು ಎಲ್ಲರ ನಾಡಿ ಲೆಕ್ಕವನ್ನು ಬರೆದುಕೊಂಡಳು. ಹಂತ 2 ಅವಸರವಾಯಿತು. ಹರಡು ತಿರುಗಿಸುವಾಗ ಹಿಂದಿನ ಸಾಲಿನವರು ನನಗೆ ಕಾಣುತ್ತಿರಲಿಲ್ಲ. ಮುಂದಿನ ಪಾಠಕ್ಕೆ ವೃತ್ತಾಕಾರದಲ್ಲಿ ನಿಲ್ಲಿಸಲು ಯೋಜಿಸಿದ್ದೇನೆ. ಅವಳು ಆ ವೃತ್ತಕ್ಕೆ ಮರಳುವಾಗ ಮೊದಲ ಮೂರು ಹಂತಗಳಲ್ಲಿ ಮಾತ್ರ ಸೇರಿಕೊಳ್ಳುತ್ತಾಳೆ.