ನೀರು ಕಡಿಮೆಯಿರುವ ಅಂಗಳಕ್ಕೆ ಕಕ್ಕೆ ಮರ

ಮಾರ್ಕೋನಹಳ್ಳಿ ಎಂದರೆ ಎಲ್ಲರಿಗೂ ನೆನಪಾಗುವುದು ಶಿಂಷಾ ನದಿಯ ಜಲಾಶಯ, ತುಂಬಿದಾಗ ತಾನಾಗಿಯೇ ನೀರು ಹೊರಹಾಕುವ ಅದರ ಸೈಫನ್‌ಗಳು. ಆದರೆ ನಮ್ಮ ಮನೆ ಎತ್ತರದಲ್ಲಿದೆ. ಬೇಸಿಗೆಯಲ್ಲಿ ಕೊಡ ಎಣಿಸಿ ನೀರು ಬಳಸುತ್ತೇವೆ. ಹೂವಿನ ಗಿಡ ಬೇಕೆಂಬುದು ಅಮ್ಮನ ಆಸೆ. ಕುಡಿಯುವ ನೀರಿಗೆ ಕುತ್ತಾಗಬಾರದು ಎಂಬುದು ಅಪ್ಪನ ಷರತ್ತು. ಎರಡಕ್ಕೂ ಹೊಂದುವ ಮರವೆಂದು ನಾನು ಆರಿಸಿದ್ದು ಕಕ್ಕೆ. ಉರ್ದುವಿನಲ್ಲಿ ಇದೇ ಅಮಲ್ತಾಸ್. ಸಸ್ಯಶಾಸ್ತ್ರದಲ್ಲಿ ಕ್ಯಾಸಿಯಾ ಫಿಸ್ಟುಲಾ.

ಇದು ಬರವನ್ನು ತಡೆಯುವುದು ಹೇಗೆ? ಬೇಸಿಗೆಯಲ್ಲಿ ಎಲೆ ಉದುರಿಸುತ್ತದೆ. ಎಲೆ ಕಡಿಮೆಯಾದರೆ ಬಾಷ್ಪವಿಸರ್ಜನೆಯೂ ಕಡಿಮೆ. ಏಪ್ರಿಲ್–ಮೇ ತಿಂಗಳಲ್ಲಿ ಬರಿಗೊಂಬೆಗಳಿಂದ ಹಳದಿ ಗೊಂಚಲುಗಳು ಇಳಿಬೀಳುತ್ತವೆ. ಹೂವೊಂದನ್ನು ಬಿಡಿಸಿ ನೋಡಿ: ಹತ್ತು ಕೇಸರಗಳು ಒಂದೇ ಅಳತೆಯವಲ್ಲ, ಮೂರು ಮಾತ್ರ ಉದ್ದವಾಗಿ ಬಾಗಿವೆ. ಪರಾಗಕ್ಕಾಗಿ ದೊಡ್ಡ ಕಪ್ಪು ದುಂಬಿಗಳು ಬರುತ್ತವೆ.

ಬೀಜದ ಸಿಪ್ಪೆ ಬಹಳ ಗಟ್ಟಿ, ನೀರು ಒಳಗಿಳಿಯದು. ಇದೇ ಪಠ್ಯದಲ್ಲಿ ಓದುವ ಬೀಜದ ಸುಪ್ತಾವಸ್ಥೆ. ಬೀಜದ ಒಂದು ಬದಿಯನ್ನು ಮರಳು ಕಾಗದದಲ್ಲಿ ಉಜ್ಜಿ, ರಾತ್ರಿಯಿಡೀ ನೆನೆಸಿ, ಉಬ್ಬಿದವನ್ನು ಮಾತ್ರ ಬಿತ್ತಬೇಕು.

ಸಸಿಯನ್ನು ಜೂನ್–ಜುಲೈನಲ್ಲಿ, ಎರಡು ಅಡಿ ಗುಂಡಿಯಲ್ಲಿ, ಬಿಸಿಲು ಬೀಳುವ ಕಡೆ ನೆಡಿ. ಗೋಡೆಯಿಂದ ಹದಿನೈದು ಅಡಿ ದೂರವಿರಲಿ. ಮೇಲೆ ವಿದ್ಯುತ್ ತಂತಿ ಇರಬಾರದು, ಬುಡದಲ್ಲಿ ನೀರು ನಿಲ್ಲಬಾರದು. ಇದು ದ್ವಿದಳ ಕುಟುಂಬದ ಮರವಾದರೂ ಬೇರಿನಲ್ಲಿ ಸಾಮಾನ್ಯವಾಗಿ ಸಾರಜನಕದ ಗಂಟುಗಳಾಗುವುದಿಲ್ಲ. ಆದ್ದರಿಂದ ಕೊಟ್ಟಿಗೆ ಗೊಬ್ಬರ ಕೊಡಿ.

ಒಂದು ಮಾತು ಮರೆಯಬೇಡಿ. ಬರ ತಡೆಯುವುದು ಬೇರೂರಿದ ಮರ, ಎಳೆ ಸಸಿಯಲ್ಲ. ಮೊದಲ ಎರಡು ಬೇಸಿಗೆ ನೀರು ಬೇಕೇ ಬೇಕು. ಸಸಿಯ ಪಕ್ಕದಲ್ಲಿ ಮಣ್ಣಿನ ಮಡಕೆಯೊಂದನ್ನು ಕತ್ತಿನವರೆಗೆ ಹೂಳಿ, ನೀರು ತುಂಬಿ ಮುಚ್ಚಿಡಿ. ನೀರು ನಿಧಾನವಾಗಿ ಬೇರಿಗೆ ಜಿನುಗುತ್ತದೆ. ನಾವು ತರಕಾರಿ, ಅಕ್ಕಿ ತೊಳೆದ ನೀರನ್ನೇ ಸೋಸಿ ತುಂಬುತ್ತೇವೆ. ಕುಡಿಯುವ ಕೊಡ ಮುಟ್ಟುವುದಿಲ್ಲ. ಬುಡಕ್ಕೆ ಒಣ ತರಗೆಲೆ ಹೊದಿಸಿದರೆ ತೇವ ಉಳಿಯುತ್ತದೆ.

ಎಲೆಯಲ್ಲಿ ಹಸಿರು ಹುಳು ಕಂಡರೆ ಕೂಡಲೇ ಔಷಧಿ ಹೊಡೆಯಬೇಡಿ. ಅವು ವಲಸೆ ಚಿಟ್ಟೆಯ ಮರಿಗಳಿರಬಹುದು. ಕಾಯಿಯ ತಿರುಳು ಭೇದಿ ಮಾಡಿಸುವುದರಿಂದ ಚಿಕ್ಕ ಮಕ್ಕಳ ಕೈಗೆ ಸಿಗದಿರಲಿ.

ಬೀಜದಿಂದ ಬೆಳೆದ ಕಕ್ಕೆ ಹೂ ಬಿಡಲು ಹಲವು ವರ್ಷ ಬೇಕು. ಆಗ ನಾವು ಈ ಕಾಲೇಜಿನಲ್ಲಿ ಇರುವುದಿಲ್ಲ. ಆದರೂ ಈ ಮಳೆಗಾಲದಲ್ಲೇ ನೆಡೋಣ. ನೆರಳು ಯಾರಿಗಾದರೂ ಬೇಕಾಗುತ್ತದೆ.